ಒಂದು ಕೊಂಡಿ ಕೆಳಗೆ

ಉಡುಪಿಯ ಅಂಬಲಪಾಡಿಯಲ್ಲಿ ನನ್ನ ಭಾವನ ಮನೆ. ಸೋದರತ್ತೆಯ ಮಗ, ನನ್ನ ಓರಗೆಯವನು. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಮನೆಯ ಚಾವಡಿಯಲ್ಲಿ ಹವಳ ಸಾಕುವ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್. ಮಾಡಿನ ಪಕ್ಕಾಸಿನಿಂದ ಎರಡು ಸರಪಳಿ ಇಳಿಬಿಟ್ಟು ಎಲ್‌ಇಡಿ ಲೈಟ್ ತೂಗುಹಾಕಿದ್ದಾನೆ. ದೂರದಿಂದ ತೊಟ್ಟಿಲು ಕಟ್ಟಿದ ಹಾಗೆ ಕಾಣುತ್ತದೆ.

"ಎಂತ ಮಾರಾಯ, ಲೈಟಿಗೆ ಸ್ಟ್ಯಾಂಡ್ ಬರ್ಲಿಲ್ವಾ?" ಎಂದು ಕೇಳಿದ್ದೆ.

"ಬಂದಿತ್ತು. ಒಂದು ಮಳೆಗಾಲಕ್ಕೆ ತುಕ್ಕು ಹಿಡೀತು. ಸರಪಳಿ ಸ್ಟೀಲಿಂದು, ಇದಕ್ಕೆ ಎಂತ ಆಗುದಿಲ್ಲ."

ನಾನಿರುವುದು ಹ್ಯಾಂಬರ್ಗ್‌ನಲ್ಲಿ, 11 ವರ್ಷದಿಂದ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಮನೆಯಲ್ಲಿ ಬಿಸಿಲು ಕಾಣುವ ಒಂದೇ ಜಾಗ ನನ್ನ ಟ್ಯಾಂಕ್. ಅದರ ಲೈಟಿಗೆ ಆರು ಬಣ್ಣದ ಚಾನೆಲ್, ಎಲ್ಲಕ್ಕೂ ಬೇರೆ ಬೇರೆ ಪರ್ಸೆಂಟ್, ಎಲ್ಲವೂ ಫೋನಿನಲ್ಲಿ. ಮೋಡ ಬೇಕಾದರೆ ಮೋಡ, ಮಿಂಚು ಬೇಕಾದರೆ ಮಿಂಚು. ಒಮ್ಮೆ ಊರಿನ ನೆನಪಾಗಿ ರಾತ್ರಿ ಎಂಟಕ್ಕೆ ಟ್ಯಾಂಕಿನೊಳಗೆ ಮಳೆಗಾಲ ಬರಿಸಿ ಕೂತಿದ್ದೆ. ಹೆಂಡತಿ ಒಳಗಿನಿಂದ ಬಂದು ನೋಡಿ ಏನೂ ಹೇಳದೆ ಹೋದಳು.

ಭಾವನ ಲೈಟಿಗೆ ಇರುವುದು ಎರಡು ತಿರುಪು. ಒಂದು ನೀಲಿ, ಒಂದು ಬಿಳಿ. ಅವನ್ನೂ ಅವನು ಮುಟ್ಟುವುದಿಲ್ಲ. ಬೆಳಕು ಹೆಚ್ಚು ಕಮ್ಮಿ ಮಾಡಬೇಕಾದರೆ ಸ್ಟೂಲ್ ಹತ್ತಿ ಸರಪಳಿಯ ಕೊಂಡಿ ಬದಲಿಸುತ್ತಾನೆ. ಅವನ ದಾರಿಯೇ ಸರಿ ಅನ್ನುವುದಕ್ಕೆ ನನಗೆ ಐದು ವರ್ಷ ಹಿಡಿಯಿತು. ಅವನು ಜಾಣ ಅಂತಲ್ಲ. ಸ್ಟೂಲ್ ಹತ್ತುವುದು ಬೇಜಾರಿನ ಕೆಲಸ, ಅದಕ್ಕೆ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿರುತ್ತದೆ. ಪಾಚಿ ಬೆಳಕಿನಿಂದ ಅಡುಗೆ ಮಾಡುತ್ತದೆ, ದೊಡ್ಡ ಪಾಲನ್ನು ಹವಳಕ್ಕೆ ಬಡಿಸುತ್ತದೆ. ಬೆಳಕು ಕಮ್ಮಿಯಾದರೆ ಹವಳ ತನ್ನೊಳಗೆ ಪಾಚಿ ಜಾಸ್ತಿ ಇಟ್ಟುಕೊಂಡು ಕಂದಾಗುತ್ತದೆ. ಒಮ್ಮೆಲೇ ಜಾಸ್ತಿಯಾದರೆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಹೊಸ ಬೆಳಕಿಗೆ ಹೊಂದಿಕೊಳ್ಳಲು ಅದಕ್ಕೆ ವಾರಗಳೇ ಬೇಕು. ನಾವು ಫೋನಿನಲ್ಲಿ ಬೆರಳು ಎಳೆದರೆ ಬೆಳಕು ಒಂದು ಸೆಕೆಂಡಿನಲ್ಲಿ ಬದಲಾಗುತ್ತದೆ. ಹವಳದ ಉತ್ತರ ಬರುವುದು ಎರಡು ಮೂರು ವಾರ ಬಿಟ್ಟು. ಅಷ್ಟರಲ್ಲಿ ನಾವು ಇನ್ನು ನಾಲ್ಕು ಸಲ ಎಳೆದಾಗಿರುತ್ತದೆ!

ನಾನು ಮಾಡಿದ್ದೂ ಅದನ್ನೇ. ಹಳೆಯ ಟ್ಯೂಬ್ ಲೈಟ್ ತೆಗೆದು ಹೊಸ ಎಲ್‌ಇಡಿ ಹಾಕಿದೆ. ನೀರಿನಿಂದ 20 ಸೆಂಟಿಮೀಟರ್ ಎತ್ತರ, 80 ಪರ್ಸೆಂಟ್. ಆರನೇ ದಿನಕ್ಕೆ ಮಾಂಟಿಪೋರಾ ಎಂಬ ಗಟ್ಟಿ ಹವಳದ ನೆತ್ತಿ ಸುಣ್ಣ ಬಳಿದಂತಾಯಿತು. ಹೆದರಿ 30ಕ್ಕೆ ಇಳಿಸಿದೆ. ಮರುವಾರ ಮನಸ್ಸು ತಡೆಯದೆ 50. ಆಮೇಲೆ ಬಿಳಿ ಕಮ್ಮಿ, ನೀಲಿ ಜಾಸ್ತಿ. ಎರಡು ತಿಂಗಳಲ್ಲಿ ಮೂರು ತುಂಡು ಹೋದವು. ಯಾವ ಬದಲಾವಣೆಯಿಂದ ಹೋದವು ಅಂತ ಕೇಳಿದರೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಹೆಚ್ಚು ಕಮ್ಮಿ ಅದೇ ಹೊತ್ತಿಗೆ ಭಾವನೂ ಲೈಟ್ ಬದಲಿಸಿದ. ನೀರಿನಿಂದ ಎರಡೂವರೆ ಗೇಣು ಮೇಲೆ ಕಟ್ಟಿದ. ಹತ್ತು ದಿನಕ್ಕೆ ಒಂದು ಕೊಂಡಿ ಕೆಳಗೆ. ಅವನ ಸರಪಳಿಯ ಒಂದು ಕೊಂಡಿ ಅಂದರೆ ಮೂರು ಸೆಂಟಿಮೀಟರ್. ಏಳು ಕೊಂಡಿ ಇಳಿಯುವ ಹೊತ್ತಿಗೆ ಎರಡೂವರೆ ತಿಂಗಳು ಹತ್ತಿರ ಬಂತು. ಒಂದೂವರೆ ಗೇಣಿಗೆ ನಿಲ್ಲಿಸಿದ. ಒಂದೂ ಸಾಯಲಿಲ್ಲ.

ಈಗ ಸುಮ್ನೆ ಭಾವನನ್ನು ಹೊಗಳಿ ಕೂತರೆ ಅದು ಮೋಸ. ಅವನ ಟ್ಯಾಂಕಿನಲ್ಲಿರುವುದು ಮೃದು ಹವಳ ಮಾತ್ರ. ಅಂಗಿಯ ಗುಂಡಿಯ ಹಾಗಿರುವ ಝೋಆಂಥಿಡ್, ಅಣಬೆಯಂತಹ ಮಶ್ರೂಮ್, ತೊಗಲಿನಂತಹ ಒಂದು ದೊಡ್ಡ ಲೆದರ್. ಗಟ್ಟಿ ಹವಳಗಳನ್ನು ನಮ್ಮ ದೇಶ 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದೆ, ಹುಲಿ ಇರುವ ಪಟ್ಟಿಗೆ. ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ. ಅದು ಸರಿಯೇ. ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಲಿ. ಜರ್ಮನಿಯಲ್ಲಿ ಫಾರ್ಮಿನಲ್ಲಿ ಬೆಳೆಸಿದ ಅಕ್ರೋಪೋರಾ ಎಂಬ ಗಟ್ಟಿ ಹವಳದ ತುಂಡು ಕಾಗದಪತ್ರದ ಜೊತೆ ಅಂಗಡಿಯಲ್ಲೇ ಸಿಗುತ್ತದೆ. ಪಾಚಿಯ ಅಡುಗೆಗೆ ಒದಗುವ ಬೆಳಕನ್ನು ಪಾರ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಮೃದು ಹವಳಕ್ಕೆ 50ರಿಂದ 150 ಸಾಕು. ಅಕ್ರೋಪೋರಾಕ್ಕೆ 250, 300 ಬೇಕು. ಹಾಗಾಗಿ ಅವನ ತಪ್ಪಿಗೆ ಶಿಕ್ಷೆ ಕಮ್ಮಿ, ನನ್ನ ತಪ್ಪಿಗೆ ಜಾಸ್ತಿ.

ಅತ್ತೆಗೆ ಈ ಯಾವುದರ ಮೇಲೂ ನಂಬಿಕೆ ಇಲ್ಲ. "ಇದು ಹವಳವಾ? ಉಂಗುರಕ್ಕೆ ಆಗ್ತದಾ?" ಎಂದು ಪ್ರತಿ ಸಲ ಕೇಳುತ್ತಾರೆ. ಉಂಗುರದ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಗುಹೆಗಳ ಮಬ್ಬಿನಲ್ಲಿ ಬೆಳೆಯುತ್ತದೆ, ಅದರ ಮೈಯಲ್ಲಿ ಪಾಚಿ ಇಲ್ಲ. ಅದಕ್ಕೆ ಭಾವನ ಲೈಟೂ ಬೇಡ, ನನ್ನ ಲೈಟೂ ಬೇಡ.

ಎತ್ತರದಿಂದ ಇನ್ನೊಂದು ಲಾಭ ಇದೆ. ಪರ್ಸೆಂಟ್ ಕಮ್ಮಿ ಮಾಡಿದರೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಕಮ್ಮಿ. ಮಧ್ಯದ ಉರಿ ಮತ್ತು ಮೂಲೆಯ ಕತ್ತಲು ಹಾಗೇ ಉಳಿಯುತ್ತವೆ. ಲೈಟನ್ನೇ ಎತ್ತಿದರೆ ಬೆಳಕು ಹರಡುತ್ತದೆ. ನನ್ನ ಟ್ಯಾಂಕಿನಲ್ಲಿ ಪಾರ್ ಮೀಟರ್ ಇಳಿಸಿ ನೋಡಿದ್ದೇನೆ. 20 ಸೆಂಟಿಮೀಟರಿನಲ್ಲಿ ಮಧ್ಯದ ಕಲ್ಲಿನ ಮೇಲೆ 380, ಮೂಲೆಯಲ್ಲಿ 90. 32ಕ್ಕೆ ಎತ್ತಿದಾಗ ಮಧ್ಯದಲ್ಲಿ 260, ಮೂಲೆಯಲ್ಲಿ 120. ಸ್ವಲ್ಪ ಬೆಳಕು ಕೋಣೆಗೆ ಚೆಲ್ಲುತ್ತದೆ, ಸೋಫಾದಲ್ಲಿ ಕೂತವರ ಕಣ್ಣಿಗೆ ಹೊಡೆಯುತ್ತದೆ. ಅಷ್ಟು ಸಹಿಸಬಹುದು. ಉಪ್ಪುನೀರಿನ ಹನಿ ಲೈಟಿಗೆ ಸಿಡಿಯುವುದೂ ಕಮ್ಮಿಯಾಗುತ್ತದೆ.

ಊರು ಬೇರೆಯಾದ ಹಾಗೆ ತೊಂದರೆಯೂ ಬೇರೆ. ಹೀಟರ್ ಹಾಕಿದ ನನ್ನ ಮನೆಯ ಗಾಳಿ ಒಣಒಣ, ದಿನಾ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ. ಉಡುಪಿಯ ಸೆಕೆಯಲ್ಲಿ ಗಾಳಿಯೇ ಒದ್ದೆ, ಫ್ಯಾನ್ ಹಾಕಿದರೂ ನೀರು ತಣಿಯುವುದಿಲ್ಲ, ಚಿಲ್ಲರ್ ಬೇಕೇ ಬೇಕು. ಕರೆಂಟ್ ಹೋದರೆ ನಾನಾಗಿದ್ದರೆ ಮೊದಲು ಲೈಟಿನ ಚಿಂತೆ ಮಾಡುತ್ತಿದ್ದೆ. ಭಾವ ಇನ್ವರ್ಟರಿಗೆ ನೀರು ತಿರುಗಿಸುವ ಪಂಪ್ ಮಾತ್ರ ಕೊಟ್ಟಿದ್ದಾನೆ. ಒಂದೆರಡು ದಿನ ಬೆಳಕಿಲ್ಲದಿದ್ದರೆ ಹವಳಕ್ಕೆ ಏನೂ ಆಗುವುದಿಲ್ಲ. ನೀರು ನಿಂತು ಆಮ್ಲಜನಕ ಇಳಿದರೆ ಕೆಲವು ಗಂಟೆಗಳಲ್ಲಿ ಕತೆ ಮುಗಿಯುತ್ತದೆ.

ಆದರೆ ಒಂದು ಕಡೆ ಅವನ ಕಣ್ಣಂದಾಜು ಕೈಕೊಟ್ಟಿತು. ನಮ್ಮ ಕಣ್ಣಿಗೆ ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ಕಡು ನೀಲಿ ಮಂಕಾಗಿ ಕಾಣುತ್ತದೆ. ಪಾಚಿಗೆ ಹಾಗಲ್ಲ, ನೀಲಿಯೇ ಅದರ ಮೃಷ್ಟಾನ್ನ. ಒಂದು ದಿನ ಭಾವನಿಗೆ ಟ್ಯಾಂಕ್ ಮಬ್ಬಾಗಿ ಕಂಡಿತು. ಮುಟ್ಟದ ತಿರುಪನ್ನು ಮುಟ್ಟಿದ. ನೀಲಿಯನ್ನು ಪೂರ್ತಿ ತಿರುಗಿಸಿಟ್ಟ. ಲೆದರ್ ಮುದುಡಿಕೊಂಡಿತು. ಆ ಜಾತಿ ಆಗಾಗ ಮೇಣದಂಥ ಪೊರೆ ಬಿಡುವುದುಂಟು, ಆಗ ಕೆಲವು ದಿನ ಮುದುಡಿಯೇ ಇರುತ್ತದೆ. ಇದೂ ಹಾಗೇ ಅಂದುಕೊಂಡು ಮೂರು ವಾರ ಕಾದ. ಕಾಯುವುದೇ ಅಭ್ಯಾಸವಾದವನಿಗೆ ಕಾಯಬಾರದ ಹೊತ್ತು ತಿಳಿಯಲಿಲ್ಲ. ಅರ್ಧ ಹವಳ ಕರಗಿದ ಮೇಲೆ ತಿರುಪನ್ನು ಹಿಂದಕ್ಕೆ ತಂದ. ಫೋನಿನ ಲಕ್ಸ್ ಆ್ಯಪ್ ನೋಡಿದ್ದರೂ ಪ್ರಯೋಜನವಿರಲಿಲ್ಲ. ಲಕ್ಸ್ ಲೆಕ್ಕವೂ ಮನುಷ್ಯನ ಕಣ್ಣಿನ ಲೆಕ್ಕವೇ.

ಹಾಗಾಗಿ ಕಳೆದ ರಜೆಯಲ್ಲಿ ನನ್ನ ಪಾರ್ ಮೀಟರನ್ನು ಬಟ್ಟೆಯ ನಡುವೆ ಸುತ್ತಿ ಅಂಬಲಪಾಡಿಗೆ ಒಯ್ದೆ. ಕಲ್ಲಿನ ಮೇಲೆ 110. ಮರಳಿನ ಹತ್ತಿರ 60. ಮೂಲೆಯ ಮಶ್ರೂಮ್ ಇದ್ದಲ್ಲಿ 45. ಯಾರೋ ಪುಸ್ತಕ ನೋಡಿ ಕಟ್ಟಿದ ಹಾಗಿತ್ತು.

"ಹೌದಾ," ಎಂದ ಭಾವ. "ಬಾ, ಚಾ ಕುಡಿಯುವಾ."

ಮೀಟರ್ ಅಲ್ಲೇ ಬಿಟ್ಟು ಬರುತ್ತೇನೆ ಅಂದೆ. ಅವನು ಒಪ್ಪಲಿಲ್ಲ. ಅದು ಮನೆಯಲ್ಲಿದ್ದರೆ ದಿನಾ ಇಳಿಸಿ ನೋಡಬೇಕು ಅನ್ನಿಸುತ್ತದಂತೆ. ನೀಲಿ ತಿರುಪಿಗೆ ಮಾತ್ರ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿದ್ದಾನೆ.

ಹೊರಡುವ ಮುಂಚೆ ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಮೀಟರ್ ಸ್ಟೀಲ್ ಸರಪಳಿ ಅಳೆಸಿಕೊಂಡೆ. ಇಲ್ಲಿ ನಮ್ಮದು ಬಾಡಿಗೆ ಮನೆ. ಸೀಲಿಂಗಿಗೆ ಎರಡು ತೂತು ಕೊರೆಯಲು ಒಪ್ಪಿಗೆ ಕೇಳಿ ಮನೆ ಮಾಲೀಕರಿಗೆ ಪತ್ರ ಬರೆದೆ. ಈಗಿರುವ ಲೈಟ್ ಫೋನಿನಲ್ಲೇ ಹೆಚ್ಚು ಕಮ್ಮಿ ಆಗುತ್ತದಲ್ಲ, ಸರಪಳಿ ಯಾಕೆ ಎಂದು ವಾಪಸ್ ಕೇಳಿದ್ದಾರೆ. ಅದಕ್ಕೇ ಸರಪಳಿ ಎಂದು ಜರ್ಮನ್ ಭಾಷೆಯಲ್ಲಿ ಹೇಗೆ ಬರೆಯುವುದೋ, ಎರಡು ದಿನದಿಂದ ಯೋಚಿಸುತ್ತಿದ್ದೇನೆ.