ಶೆಡ್ಡಿನ ಅಳತೆ ಇದೆ, ನೀರಿನ ಅಳತೆ ಎಲ್ಲಿ?

ಯಾದಗಿರಿ ಜಿಲ್ಲೆಯ ಹಲವು ಊರುಗಳಲ್ಲಿ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಕಾಟ. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಎಷ್ಟೋ ಕಡೆ ಈಗ ಅದಕ್ಕೆ ಬೀಗ. ಜನ ಗುತ್ತಿಗೆದಾರನಿಗೆ ಬೈತಾರೆ, ಇಲ್ಲಾಂದ್ರೆ ಪಂಚಾಯ್ತಿಗೆ. ಮೊದಲು ಟೆಂಡರ್ ಕಾಗದ ತೆಗೆದು ನೋಡಿ ಅಂತೀನಿ ನಾನು.

ನಾನು ಇಂಗ್ಲೆಂಡಿನಲ್ಲಿ ಸರ್ಕಾರಿ ಟೆಂಡರ್‌ಗಳಿಗೆ ಬಿಡ್ ಬರೆಯುವ ಕೆಲಸದಲ್ಲಿದ್ದೇನೆ. ಹಾಗಾಗಿ ನಮ್ಮ ಕಡೆಯ ಟೆಂಡರ್ ಸಿಕ್ಕರೂ ಓದದೆ ಬಿಡುವುದಿಲ್ಲ. ಓದಿದವುಗಳಲ್ಲಿ ಶೆಡ್ಡಿನ ಉದ್ದಗಲ, ತಗಡಿನ ದಪ್ಪ, ಎಷ್ಟು ಕೋಟ್ ಬಣ್ಣ, ಎಲ್ಲ ಪಕ್ಕಾ. ನೀರಿನ ವಿಷಯ ಬಂತೋ, ‘ಉತ್ತಮ ಗುಣಮಟ್ಟದ’, ‘ಇಂಜಿನಿಯರ್ ಸೂಚಿಸಿದಂತೆ’! ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಸಂಖ್ಯೆ ಕಣ್ಣೆದುರೇ ಇದೆ. ಅದನ್ನು ಬರೆದು, ಇಷ್ಟು ತಿಂಗಳಿಗೊಮ್ಮೆ ಲ್ಯಾಬ್ ವರದಿ ಕೊಡಬೇಕು, ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಿಸುವ ಖರ್ಚು ಗುತ್ತಿಗೆದಾರನದು, ಕೆಟ್ಟರೆ 48 ಗಂಟೆಯೊಳಗೆ ರಿಪೇರಿ, ತಪ್ಪಿದರೆ ಬಿಲ್ಲಿನಲ್ಲಿ ಕಡಿತ ಅಂದರೆ ಮುಗೀತು. ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ಉಪ್ಪುನೀರು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೂ ಒಂದು ಸಾಲು ಬೇಕು. ಇಲ್ಲದಿದ್ದರೆ ಅದು ರಸ್ತೆಗೇ ಹರಿಯುತ್ತದೆ, ಗೊತ್ತಲ್ಲ.

ಇದೆಲ್ಲ ಬರೆಯದಿದ್ದರೆ ಏನಾಗುತ್ತದೆ? ಐದು ವರ್ಷದ ರಿಪೇರಿ ಲೆಕ್ಕ ಹಾಕಿದವನ ದರ ಜಾಸ್ತಿ. ಹಾಕದವನೇ ಎಲ್‌1, ಅಂದರೆ ಎಲ್ಲರಿಗಿಂತ ಕಡಿಮೆ ದರದವನು. ಕಡಿಮೆ ದರ ಬಿಟ್ಟು ಬೇರೆಯವರನ್ನು ಆರಿಸಿದರೆ ಆಡಿಟ್‌ಗೆ ಉತ್ತರ ಹೇಳಬೇಕಾದವರು ಅಧಿಕಾರಿ. ಅವರನ್ನು ದೂರಿ ಪ್ರಯೋಜನವಿಲ್ಲ. ಹಳೇ ಟೆಂಡರ್ ಕಾಪಿ ಮಾಡಿದರೆ ಯಾರೂ ಕೇಳೋದಿಲ್ಲ ಅಲ್ವಾ?

ಇಂಗ್ಲೆಂಡೇನೂ ಸ್ವರ್ಗವಲ್ಲ. ಒಂದು ಸಣ್ಣ ಕೆಲಸಕ್ಕೂ ಕಂತೆಗಟ್ಟಲೆ ಕಾಗದ ತುಂಬಿಸಿ ಸಣ್ಣ ಕಂಪನಿಗಳನ್ನು ಸುಸ್ತು ಮಾಡುತ್ತಾರೆ. ನಮ್ಮಲ್ಲೂ ಕೊರತೆ ಕಾಯ್ದೆಯದಲ್ಲ. ಟೆಂಡರ್ ಪಾರದರ್ಶಕತೆ ಕಾಯ್ದೆ 1999ರದ್ದು, ಆನ್‌ಲೈನ್ ಬಿಡ್ಡಿಂಗೂ ಹಳೇ ಮಾತು. ಆದರೆ ಇಂಗ್ಲೆಂಡಿನ ಒಂದು ಪದ್ಧತಿ ನನಗೆ ಹಿಡಿಸಿದೆ. 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಖರೀದಿ ಕಾಯ್ದೆಯಲ್ಲಿ, ಟೆಂಡರ್ ಕರೆಯುವ ಮೊದಲೇ ಕಂಪನಿಗಳ ಜೊತೆ ಬಹಿರಂಗವಾಗಿ ಮಾತಾಡಿ ಬೇಡಿಕೆ ತಿದ್ದಿಕೊಳ್ಳಲು ದಾರಿ ಇದೆ. ನಮ್ಮ ಪ್ರಿ-ಬಿಡ್ ಸಭೆ, ಅಂದರೆ ಬಿಡ್ ಹಾಕುವ ಮೊದಲು ಗುತ್ತಿಗೆದಾರರು ಪ್ರಶ್ನೆ ಕೇಳುವ ಸಭೆ, ನಡೆಯುವುದು ಟೆಂಡರ್ ಕಾಗದ ಹೊರಬಿದ್ದ ಮೇಲೆ. ಅಲ್ಲೂ ಎದುರಾಳಿಗೆ ಗುಟ್ಟು ಗೊತ್ತಾದೀತು ಅಂತ ಎಷ್ಟೋ ಜನ ಸುಮ್ನೆ ಕೂರ್ತಾರೆ.

ನಮ್ಮಲ್ಲಾದರೆ ಕಂಪನಿಗಿಂತ ಮೊದಲು ಊರಿನ ನೀರುಗಂಟಿಯನ್ನು ಕೇಳಬೇಕು. ಬೇಸಿಗೆಯಲ್ಲಿ ಯಾವ ಬೋರು ಬತ್ತುತ್ತದೆ, ವೋಲ್ಟೇಜ್ ಯಾವಾಗ ಬೀಳುತ್ತದೆ, ಹೋದ ಸಲ ಯಾವ ಪಂಪು ಸುಟ್ಟಿತು, ಎಲ್ಲ ಅವನ ಬಾಯಲ್ಲೇ ಇದೆ. ಅವನನ್ನು ತಾಲ್ಲೂಕು ಕಚೇರಿಗೆ ಕರೆಸಿ ಅರ್ಧ ದಿನ ಕೂರಿಸಿಕೊಳ್ಳಲಿ. ಅವನು ಹೇಳಿದ್ದನ್ನೇ ಟೆಂಡರಿಗೆ ಇಳಿಸಲಿ.