ಸೀ ಹಾಕ್ ಮಾದರಿಯ ರೆಕ್ಕೆಗಳ ಬಗ್ಗೆ

ನೌಕಾಪಡೆಯ ಹಳೆಯ ಜೆಟ್ ಯುದ್ಧವಿಮಾನವಾದ ಸೀ ಹಾಕ್‌ನ ಕಾಗದದ ಮಾದರಿಯನ್ನು 1:33 ಅಳತೆಯಲ್ಲಿ ಕಟ್ಟುವ ಕ್ರಮವನ್ನು ಲೇಖನವೊಂದರಲ್ಲಿ ಅದರ ಲೇಖಕರು ಸೊಗಸಾಗಿ ವಿವರಿಸಿದ್ದಾರೆ. ಆದರೆ ರೆಕ್ಕೆಗಳನ್ನು ಚಾಚಿದಂತೆಯೇ ಅಂಟಿಸಬೇಕೆಂಬ ಸಲಹೆಯನ್ನು ನಾನು ಒಪ್ಪಲಾರೆ. 1961ರಲ್ಲಿ ನೌಕಾಪಡೆಗೆ ಸೇರಿದ ವಿಕ್ರಾಂತ್ ವಿಮಾನವಾಹಕ ಹಡಗಿನಲ್ಲಿ ಜಾಗ ಉಳಿಸಲು ಈ ವಿಮಾನಗಳ ರೆಕ್ಕೆಗಳನ್ನು ಮೇಲಕ್ಕೆ ಮಡಚಿ ನಿಲ್ಲಿಸುತ್ತಿದ್ದರು, ಆ ಮಡಿಕೆಯೇ ನೌಕಾ ವಿಮಾನದ ಗುರುತು. (ಚಾಚಿಟ್ಟರೆ ಮಾದರಿಗೆ ಸುಮಾರು 36 ಸೆಂಟಿಮೀಟರ್ ಅಗಲದ ಜಾಗ ಬೇಕು.) ಮಡಿಕೆಯ ಜಾಗದ ಒಳಪಟ್ಟಿಗಳಿಗೆ ದಪ್ಪ ರಟ್ಟು ಬಳಸಿ, ಕತ್ತರಿಸಿದ ಬಿಳಿ ಅಂಚುಗಳಿಗೆ ಮೊದಲೇ ಬಣ್ಣ ಹಚ್ಚಿಕೊಂಡರೆ ಸಾಕು. ಎಂಜಿನ್ನಿನ ಬಿಸಿಗಾಳಿ ಬಾಲದಿಂದಲ್ಲದೆ ರೆಕ್ಕೆಯ ಬುಡದ ಹಿಂದೆ ಎರಡೂ ಬದಿಗಳಿಂದ ಹೊರಬೀಳುತ್ತಿದ್ದುದರಿಂದ ಅಲ್ಲಿನ ಬಾಗು ನಿಜಕ್ಕೂ ಕಷ್ಟ; ಕಾಗದವನ್ನು ಸ್ವೆಟರ್ ಹೆಣೆಯುವ ಕಡ್ಡಿಯ ಮೇಲೆ ಉರುಳಿಸಿ, ಪೂರ್ತಿ ಬಾಗಿದ ಮೇಲೆಯೇ ಅಂಟಿಸಬೇಕು. ನಮ್ಮ ಬಳ್ಳಾರಿಯ ಏಪ್ರಿಲ್ ಸೆಕೆಯಲ್ಲಿ ಜೋಡಿಸುವ ಮೊದಲೇ ಅಂಟು ಒಣಗುವುದರಿಂದ, ಇಂಥ ಭಾಗಗಳನ್ನು ನಾನು ಬೆಳಗಿನ ಜಾವಕ್ಕೆ ಮೀಸಲಿಡುತ್ತೇನೆ.