ಬರ್ಗರ್ ಹುಡುಗಿಗೆ ನರೆ ಬಂದ ದಿನ

2022ರ ಆಗಸ್ಟಿನಲ್ಲಿ ಕೆನಡಾದ ಬರ್ಗರ್ ಹುಡುಗಿಯೊಬ್ಬಳ ತಲೆ ರಾತ್ರೋರಾತ್ರಿ ನರೆಯಿತು. ವೆಂಡೀಸ್ ಕಂಪನಿಯ ಲಾಂಛನದಲ್ಲಿ 1969ರಿಂದ ಕೆಂಪು ಜಡೆ ಹೆಣೆದುಕೊಂಡು ನಗುತ್ತಿರುವ ಆ ಬಾಲೆಯ ಕೂದಲನ್ನು ಅಲ್ಲಿನ ಶಾಖೆಯವರು ಟ್ವಿಟರ್‌ನಲ್ಲಿ ಬೂದು ಮಾಡಿದ್ದು ಲೀಸಾ ಲಾಫ್ಲಾಮ್ ಅವರಿಗೆ ಬೆಂಬಲ ಸೂಚಿಸುವುದಕ್ಕಾಗಿ. ಸಿಟಿವಿ ವಾಹಿನಿಯಲ್ಲಿ 35 ವರ್ಷ ದುಡಿದು, 2011ರಿಂದ ಅದರ ರಾತ್ರಿಯ ಮುಖ್ಯ ವಾರ್ತೆಯನ್ನು ನಡೆಸಿಕೊಟ್ಟಿದ್ದ ಈಕೆ, 58ನೇ ವಯಸ್ಸಿನಲ್ಲಿ ತಮ್ಮನ್ನು ಮನೆಗೆ ಕಳಿಸಿದ ವಾರ್ತೆಯನ್ನೂ ತಾವೇ ಓದಬೇಕಾಯಿತು. ಅದೂ ಸ್ಟುಡಿಯೊದ ಕುರ್ಚಿಯಿಂದಲ್ಲ, ಟ್ವಿಟರ್‌ಗೆ ಹಾಕಿದ ವಿಡಿಯೊದಲ್ಲಿ.

ಕೊರೊನಾ ಕಾಲದಲ್ಲಿ ಅವರು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಈ ನರೆಗೆ ಒಪ್ಪಿಗೆ ಕೊಟ್ಟವರು ಯಾರೆಂದು ಮೇಲಧಿಕಾರಿಯೊಬ್ಬರು ವಿಚಾರಿಸಿದ್ದರೆಂದು ಗ್ಲೋಬ್ ಆ್ಯಂಡ್ ಮೇಲ್ ಪತ್ರಿಕೆ ವರದಿ ಮಾಡಿತು. ತಲೆ ನರೆಯುವುದಕ್ಕೂ ಕಡತ ಮೇಜಿನಿಂದ ಮೇಜಿಗೆ ಸಾಗಿ ಸಹಿಯಾಗಿ ಬರಬೇಕೆಂಬ ನಿಯಮ ಕಾಲಪುರುಷನಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ. ಕೂದಲಿಗೂ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಇದು ಬರೀ ವ್ಯಾಪಾರದ ತೀರ್ಮಾನ ಎಂಬುದು ಕಂಪನಿಯ ಸಮಜಾಯಿಷಿ. ಅದೇ ಕುರ್ಚಿಯಲ್ಲಿ ಅವರಿಗಿಂತ ಮೊದಲು ಕುಳಿತಿದ್ದ ಲಾಯ್ಡ್ ರಾಬರ್ಟ್‌ಸನ್ ಎದ್ದದ್ದು 77ನೇ ವಯಸ್ಸಿನಲ್ಲಿ. ಗಂಡಸರಿಗಾಗಿ ತೂಗುಹಾಕಿದ ಆ ಗಡಿಯಾರ 19 ವರ್ಷ ನಿಧಾನವಾಗಿ ನಡೆಯುತ್ತಿತ್ತು, ಅಷ್ಟೆ.

ಜಾಲತಾಣಗಳಲ್ಲಿ ಸಿಟ್ಟು ಉಕ್ಕಿತು. ಸಿಟ್ಟು ಉಕ್ಕಿದಲ್ಲಿ ಸೋಪು ಕರಗದೆ ಇರುತ್ತದೆಯೇ? ಡವ್‌ನವರೂ ತಮ್ಮ ಲಾಂಛನವನ್ನು ಬೂದು ಮಾಡಿ, ನರೆಯನ್ನು ಉಳಿಸಿಕೊಳ್ಳಿರೆಂದು ಹ್ಯಾಷ್‌ಟ್ಯಾಗ್ ಹೊಸೆದು ಹರಸಿದರು. ಡವ್‌ನ ಒಡೆಯರಾದ ಯುನಿಲಿವರ್‌ನವರೇ ನಮ್ಮ ಅಂಗಡಿಗಳಲ್ಲಿ ಸುಕ್ಕು ಅಳಿಸುವ ಪಾಂಡ್ಸ್ ಏಜ್ ಮಿರಾಕಲ್ ಮಾರುವವರು, 2020ರವರೆಗೆ ಫೇರ್ ಅಂಡ್ ಲವ್ಲಿ ಎಂಬ ಹೆಸರಿನಲ್ಲೇ ಬಿಳುಪನ್ನು ಟ್ಯೂಬಿಗೆ ತುಂಬಿ ಕೊಟ್ಟವರು. ಮುಖ ಬೆಳ್ಳಗಾಗಬೇಕು, ಕೂದಲು ಬೆಳ್ಳಗೆ ಉಳಿಯಬೇಕು, ನಡುವೆ ಹಣೆಯ ಮೇಲೆ ಗೆರೆ ಮಾತ್ರ ಕಾಣಬಾರದು. ಇಷ್ಟೆಲ್ಲ ಆಗುವ ಹೊತ್ತಿಗೆ ಲಾಫ್ಲಾಮ್ ಅವರ ಕುರ್ಚಿ ಅವರಿಗಿಂತ ಕಿರಿಯ ಗಂಡಸೊಬ್ಬರಿಗೆ ಸಂದಿತ್ತು. ಬರ್ಗರ್ ಹುಡುಗಿಯ ಕೆಲಸಕ್ಕೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ.

ನನ್ನ ಪರಿಚಯದ ಉದ್ಯಮಿಯೊಬ್ಬರು ಆ ವಾರ ಈ ಸುದ್ದಿಯನ್ನು ಹಂಚಿಕೊಂಡು, "ಇದು ಸ್ತ್ರೀಕುಲಕ್ಕೇ ಮಾಡಿದ ಅವಮಾನ" ಎಂದು ಬರೆದು, ಕೆಳಗೆ ನಾಲ್ಕು ಕೈಮುಗಿಯುವ ಇಮೋಜಿಗಳನ್ನು ಇಟ್ಟಿದ್ದರು. ಅದರ ಬೆನ್ನಿಗೇ ಅವರ ಇನ್ನೊಂದು ಪೋಸ್ಟ್ ಬಂತು: "ನಮ್ಮ ಕಚೇರಿಯ ರಿಸೆಪ್ಷನ್‌ಗೆ ಲಕ್ಷಣವಾದ, ಚುರುಕಾದ ಯುವತಿ ಬೇಕಾಗಿದ್ದಾರೆ, ವಯಸ್ಸು 25ರ ಒಳಗೆ. ಮ್ಯಾನೇಜರ್ ಬೇಕಾಗಿದ್ದಾರೆ, ನಿವೃತ್ತ ಪುರುಷರಿಗೆ ಆದ್ಯತೆ." ಎರಡಕ್ಕೂ ಒಂದೇ ಜನ ಲೈಕ್ ಒತ್ತಿದ್ದರು. ತಡೆಯಲಾರದೆ ಫೋನ್ ಮಾಡಿ ಕೇಳಿದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ಅದು ಕೆನಡಾ ಸಾರ್," ಎಂದರು, "ಇದು ರಿಸೆಪ್ಷನ್."